ಹತ್ತು ಸ್ಪೀಡ್ ಇದೆ, ಹಿತ ಇದೆಯಾ?

ತುಮಕೂರಿನ ಬಿ.ಎಚ್. ರಸ್ತೆಗೆ ಹೊಂದಿಕೊಂಡ ಒಂದು ಓಣಿಯಲ್ಲಿ ನನ್ನ ಹೈಸ್ಕೂಲ್ ಗೆಳೆಯನ ಮೊಬೈಲ್ ರಿಪೇರಿ ಅಂಗಡಿ ಇದೆ. ಕಾಲೇಜಿನಲ್ಲಿ ಪಾಠ ಮುಗಿಸಿ ಮನೆಗೆ ಹೋಗುವಾಗ ಅಲ್ಲಿ ಹತ್ತು ನಿಮಿಷ ಕೂತು, ಬೈಟು ಟೀ ಕುಡಿದು ಹೋಗುವುದು ಅಭ್ಯಾಸ. ಮೊನ್ನೆ ಒಂದು ಸಂಜೆ ಅವನು ಶಟರ್ ಅರ್ಧ ಎಳೆದು, ಡ್ರಾಯರ್‌ನಿಂದ ಪೇಪರಿನಲ್ಲಿ ಸುತ್ತಿದ ಒಂದು ವಸ್ತು ತೆಗೆದ. ನೇರಳೆ ಬಣ್ಣ, ಗೇಣಿಗಿಂತ ಸ್ವಲ್ಪ ಚಿಕ್ಕದು.

"ಲೋ ಮೇಷ್ಟ್ರೇ, ಫಿಸಿಕ್ಸ್ ಹೇಳ್ತೀಯಲ್ಲ, ಇದನ್ನ ನೋಡು. ಮಸಾಜರ್ ಅಂತೆ. ಚಾರ್ಜ್ ಆಗ್ತಿಲ್ಲ ಅಂತ ಕೊಟ್ಟು ಹೋಗಿದಾರೆ."

ಯಾರು ಕೊಟ್ಟರು ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸ್ಪಿರಿಟ್ ಹಾಕಿ ಚೆನ್ನಾಗಿ ಒರೆಸಿ, ಬ್ಲೇಡಿನಿಂದ ಅಂಚು ಎಬ್ಬಿಸಿ ಎರಡು ಹೋಳು ಮಾಡಿದ. ಒಳಗೆ ಚಿಕ್ಕ ಲಿಥಿಯಂ ಬ್ಯಾಟರಿ, ಉಗುರಿನಷ್ಟು ಸರ್ಕ್ಯೂಟ್ ಬೋರ್ಡು, ತುದಿಯಲ್ಲಿ ಪೆನ್ಸಿಲ್ ತುಂಡಿನಂಥ ಮೋಟಾರ್. ಮೋಟಾರಿನ ಕಡ್ಡಿಗೆ ಅರ್ಧಚಂದ್ರದ ಆಕಾರದ ಒಂದು ಲೋಹದ ಚೂರು. ಅಷ್ಟೇ. ಅವನು ಡಬ್ಬಿ ಕೆದಕಿ ಹಳೇ ಕೀಪ್ಯಾಡ್ ಫೋನಿನ ವೈಬ್ರೇಟರ್ ಮೋಟಾರ್ ಹುಡುಕಿ ಪಕ್ಕಕ್ಕಿಟ್ಟ. ಎರಡೂ ಅಣ್ಣತಮ್ಮಂದಿರ ಹಾಗಿದ್ದವು. ಅಣ್ಣ ಸ್ವಲ್ಪ ದಪ್ಪ.

ಜೊತೆಗೆ ಬಂದಿದ್ದ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ 10 ಸ್ಪೀಡ್ ಅಂತ ಇತ್ತು. ಬಾಡಿ ಮಸಾಜರ್ ಅಂತ ಇತ್ತು. ಯಾವ ವಸ್ತುವಿನಿಂದ ಮಾಡಿದ್ದು ಅಂತ ಮಾತ್ರ ಎಲ್ಲೂ ಇರಲಿಲ್ಲ. ಅಗ್ಗದ ಬಿಸ್ಕತ್ ಪ್ಯಾಕಿನ ಮೇಲೂ ಒಳಗೆ ಏನೇನಿದೆ ಅಂತ ಬರೆದಿರುತ್ತದೆ, ಅಲ್ವಾ? ಮೈಯ ಅತಿ ಮೆತ್ತನೆಯ ಜಾಗಕ್ಕೆ ಮುಟ್ಟಿಸುವ ವಸ್ತುವಿನ ಮೇಲೆ ಇಲ್ಲ.

ಸೆಕ್ಸ್ ಟಾಯ್‌ಗಳ ಬಗ್ಗೆ ನಮ್ಮಲ್ಲಿ ಮಾತು ಎರಡೇ ಥರ. ಒಂದು ಛೀ ಥೂ, ಇನ್ನೊಂದು ಜಾಹೀರಾತು. ಜಾಹೀರಾತು ಹೇಳುವುದೆಲ್ಲ ಸ್ಪೀಡು, ಪವರ್ರು, ಮೋಡು. ಮೈಗೆ ಹಿತ ಆಗುತ್ತದೋ ಉರಿ ಆಗುತ್ತದೋ ಅನ್ನುವುದನ್ನು ಸ್ಪೀಡು ತೀರ್ಮಾನ ಮಾಡುವುದು ಬಹಳ ಕಡಿಮೆ. ಎಷ್ಟು ಅಗಲಕ್ಕೆ ಅಲುಗುತ್ತದೆ, ಯಾವುದರಿಂದ ಮಾಡಿದ್ದು, ಎಷ್ಟು ಜಾರುತ್ತದೆ, ಈ ಮೂರು ತೀರ್ಮಾನ ಮಾಡುತ್ತವೆ. ಡಬ್ಬಿಯ ಮೇಲೆ ಇರದೇ ಇರುವುದೂ ಇವೇ ಮೂರು.

ಚರ್ಮಕ್ಕೆ ಕಂಪನ ಹೇಗೆ ಗೊತ್ತಾಗುತ್ತದೆ ಅನ್ನುವುದರಿಂದ ಶುರು ಮಾಡೋಣ. ನಮ್ಮಪ್ಪನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ವರ್ಷಕ್ಕೊಮ್ಮೆ ಡಾಕ್ಟರು ಟ್ಯೂನಿಂಗ್ ಫೋರ್ಕನ್ನು ಅಂಗೈಗೆ ಬಡಿದು ಅಪ್ಪನ ಕಾಲಿನ ಹೆಬ್ಬೆರಳ ಮೂಳೆಯ ಮೇಲೆ ಇಡುತ್ತಾರೆ. ಗುಯ್ ಅನ್ನುವುದು ನಿಂತಾಗ ಹೇಳಿ ಅನ್ನುತ್ತಾರೆ. ಆ ಫೋರ್ಕು ಸೆಕೆಂಡಿಗೆ 128 ಸಲ ಅಲುಗುತ್ತದೆ, ಅಂದರೆ 128 ಹರ್ಟ್ಸ್. ಅಪ್ಪ ಈಗೀಗ ಬೇಗ "ನಿಂತೋಯ್ತು" ಅಂತಾರೆ. ಡಾಕ್ಟರ ಕೈಯಲ್ಲಿ ಅದು ಇನ್ನೂ ಗುಯ್‌ಗುಡುತ್ತಲೇ ಇರುತ್ತದೆ. ಸಕ್ಕರೆ ಕಾಯಿಲೆ ನರಗಳನ್ನು ತಿಂದಾಗ ಮೊದಮೊದಲು ಹೋಗುವುದರಲ್ಲಿ ಈ ಕಂಪನದ ಅರಿವೂ ಒಂದು.

ಈ ಅರಿವಿಗೆ ಚರ್ಮದಲ್ಲಿ ಬೇರೆ ಬೇರೆ ಗ್ರಾಹಕಗಳಿವೆ, ಅಂದರೆ ಸ್ಪರ್ಶವನ್ನು ಗುರುತಿಸುವ ನರದ ತುದಿಗಳು. ಚರ್ಮದ ಮೇಲ್ಪದರದ ಹತ್ತಿರ ಮೈಸ್ನರ್ ಕಣಗಳು. ಇವು ನಿಧಾನ ಕಂಪನಕ್ಕೆ, ಸುಮಾರು 10ರಿಂದ 50 ಹರ್ಟ್ಸ್‌ವರೆಗೆ, ಚೆನ್ನಾಗಿ ಸ್ಪಂದಿಸುತ್ತವೆ. ಆಳದಲ್ಲಿ ಈರುಳ್ಳಿಯ ಹಾಗೆ ಪದರ ಪದರವಾಗಿರುವ ಪಸಿನಿಯನ್ ಕಣಗಳು. ಇವಕ್ಕೆ 200ರಿಂದ 300 ಹರ್ಟ್ಸ್ ಅಂದರೆ ಬಲು ಸೂಕ್ಷ್ಮ. ಆ ವೇಗದಲ್ಲಿ ಒಂದು ಮೈಕ್ರೋಮೀಟರ್‌ಗಿಂತ ಕಡಿಮೆ ಅಲುಗಿದರೂ ಬೆರಳ ತುದಿಗೆ ಗೊತ್ತಾಗುತ್ತದೆ. ಫೋನ್ ಜೇಬಿನಲ್ಲಿ ಗುರ್ ಅಂದದ್ದು ತಿಳಿಯುವುದು ಇವುಗಳಿಂದಲೇ. ಇನ್ನು ಜನನಾಂಗದಲ್ಲಿ ಕ್ರೌಸ್ ಕಣಗಳು ಅಂತ ಬೇರೆಯೇ ಇವೆ. ಹತ್ತೊಂಬತ್ತನೇ ಶತಮಾನದಲ್ಲೇ ಇವನ್ನು ಕಂಡಿದ್ದರು. ಇವುಗಳ ಕೆಲಸ ಏನು ಅನ್ನುವುದು ಮಾತ್ರ ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 2024ರಲ್ಲಿ ಹಾರ್ವರ್ಡ್‌ನ ಡೇವಿಡ್ ಗಿಂಟಿ ಅವರ ಪ್ರಯೋಗಾಲಯ ಇಲಿಗಳಲ್ಲಿ ನೋಡಿ ಹೇಳಿತು: ಇವು 40ರಿಂದ 80 ಹರ್ಟ್ಸ್‌ನ ಕಂಪನಕ್ಕೆ ಹೆಚ್ಚು ಸ್ಪಂದಿಸುತ್ತವೆ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಹಾಗೇ ಅಂತ ಕಣ್ಣುಮುಚ್ಚಿ ಹೇಳಲಾಗದು. ಆದರೂ ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮತ್ತೆ ಆ ಅರ್ಧಚಂದ್ರದ ಚೂರಿಗೆ ಬರೋಣ. ತೂಕ ಒಂದು ಕಡೆಗೆ ವಾಲಿರುವುದರಿಂದ ಅದು ತಿರುಗಿದಾಗ ಇಡೀ ಮೋಟಾರು ಅಲುಗುತ್ತದೆ. ಬಟ್ಟೆಯೆಲ್ಲ ಒಂದೇ ಕಡೆ ಸೇರಿಕೊಂಡ ವಾಷಿಂಗ್ ಮೆಷಿನ್ ಕುಣಿಯುವುದು ನೋಡಿದ್ದೀರಲ್ಲ, ಅದೇ ಕಥೆ. ಪ್ರಥಮ ಪಿಯುಸಿಯ ಲೆಕ್ಕ ಹೇಳುವಂತೆ, ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಆದರೆ ಅಲುಗುವ ಅಗಲ ಹಾಗೆ ಏರುವುದಿಲ್ಲ. ಅಗಲ ಬೇಕಿದ್ದರೆ ಆ ಚೂರೇ ದೊಡ್ಡದಾಗಬೇಕು, ಭಾರವಾಗಬೇಕು. ಚಿಕ್ಕ ವಸ್ತುವಿನಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ಅಗ್ಗದ ಚಿಕ್ಕ ಮೋಟಾರು ಬಲ ತೋರಿಸಲು ಒಂದೇ ದಾರಿ ಹಿಡಿಯುತ್ತದೆ, ಇನ್ನೂ ಜೋರಾಗಿ ತಿರುಗುವುದು. ಕೊನೆಗೆ ಸಿಗುವುದು ಸೊಳ್ಳೆ ಗುಯ್‌ಗುಟ್ಟಿದಂಥ, ಮೇಲುಮೇಲಿನ ಕಂಪನ.

ಹೆಚ್ಚು ವೇಗದ ಕಂಪನ ಮೆತ್ತನೆಯ ಮಾಂಸದಲ್ಲಿ ಬೇಗ ಕರಗಿಹೋಗುತ್ತದೆ. ನಿಧಾನದ್ದು ದೂರ ಹೋಗುತ್ತದೆ. ಮೆಷಿನ್ ಹಿಡಿದು ಕೆಲಸ ಮಾಡುವವರ ಕೈಗಳನ್ನು ಅಳೆದವರು ಇದನ್ನು ಯಾವತ್ತೋ ಗುರುತಿಸಿದ್ದಾರೆ. ನಿಧಾನ ಕಂಪನ ಭುಜದವರೆಗೂ ಹತ್ತುತ್ತದೆ, ಜೋರಿನದು ಅಂಗೈಯಲ್ಲೇ ನಿಂತುಬಿಡುತ್ತದೆ. ಪವರ್ ಟಿಲ್ಲರ್ ಹೊಡೆದವರಿಗೆ ರಾತ್ರಿ ಭುಜ ನೋಯುವುದಕ್ಕೂ, ಗ್ರೈಂಡರ್ ಹಿಡಿದವರಿಗೆ ಬೆರಳು ಜೋಮು ಹಿಡಿಯುವುದಕ್ಕೂ ಇದೇ ವ್ಯತ್ಯಾಸ.

ಹಿಟಾಚಿ ಕಂಪನಿಯ ಮ್ಯಾಜಿಕ್ ವ್ಯಾಂಡ್ ಇಷ್ಟು ವರ್ಷ ಉಳಿದಿರುವ ಗುಟ್ಟು ಇಲ್ಲೇ ಇದೆ. 1968ರಲ್ಲಿ ಬಂದದ್ದು, ಗೋಡೆಯ ಸಾಕೆಟ್‌ಗೆ ಚುಚ್ಚಿ ಬಳಸುವ, ನೋಡಲು ಒರಟಾದ ಬೆನ್ನು ಮಸಾಜರ್. ಸ್ಪೀಡ್ ಎರಡೇ: ನಿಮಿಷಕ್ಕೆ 5000 ಸುತ್ತು, 6000 ಸುತ್ತು. ಸೆಕೆಂಡಿನ ಲೆಕ್ಕಕ್ಕೆ ತಂದರೆ 83 ಮತ್ತು 100 ಹರ್ಟ್ಸ್. ಹತ್ತು ಸ್ಪೀಡಿನ ಪುಟ್ಟ ಮಸಾಜರ್‌ಗಿಂತ ಇದರ ಓಟ ನಿಧಾನ. ಆದರೆ ತಲೆ ದಪ್ಪ, ತೂಕ ಜಾಸ್ತಿ, ಅಲುಗುವ ಅಗಲ ಜಾಸ್ತಿ. ಕ್ರೌಸ್ ಕಣಗಳ 40–80 ಹರ್ಟ್ಸ್‌ಗೆ ಇದು ಹತ್ತಿರ ಇರುವುದು ಕಾಕತಾಳೀಯವೋ ಏನೋ, ನನಗಂತೂ ಕುತೂಹಲದ ವಿಷಯ.

ಇದನ್ನು ಸುಮ್ನೆ ಹೇಳುತ್ತಿಲ್ಲ, ವೈದ್ಯರು ಅಳತೆ ಮಾಡಿಯೂ ನೋಡಿದ್ದಾರೆ. ಬೆನ್ನುಹುರಿಗೆ ಪೆಟ್ಟುಬಿದ್ದ ಗಂಡಸರಿಗೆ ಮಕ್ಕಳಾಗಲು ವೀರ್ಯ ಬೇಕು, ಆದರೆ ಅನೇಕರಿಗೆ ಸ್ಖಲನ ಆಗುವುದಿಲ್ಲ. ಇಂಥವರಿಗೆ ಶಿಶ್ನಕ್ಕೆ ಕಂಪನ ಕೊಡುವ ಚಿಕಿತ್ಸೆ ಇದೆ. 1994ರಲ್ಲಿ ಡೆನ್ಮಾರ್ಕ್‌ನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ 100 ಹರ್ಟ್ಸ್‌ನ ಕಂಪನ 2.5 ಮಿಲಿಮೀಟರ್ ಅಗಲಕ್ಕೆ ಅಲುಗಿದಾಗ ಫಲ ಸಿಕ್ಕಿತು. ಅಗಲವನ್ನು 1 ಮಿಲಿಮೀಟರ್‌ಗೆ ಇಳಿಸಿದಾಗ ಫಲ ಬಹಳ ಕಡಿಮೆಯಾಯಿತು. ಅಷ್ಟಾದರೂ ಎಷ್ಟು ಮಿಲಿಮೀಟರ್ ಅಲುಗುತ್ತದೆ ಅನ್ನುವ ಅಂಕಿಯನ್ನು ನಾನು ಇಲ್ಲಿಯವರೆಗೆ ಯಾವ ಡಬ್ಬಿಯ ಮೇಲೂ ನೋಡಿಲ್ಲ.

ಹೊಸ ಫೋನುಗಳಲ್ಲಿ ತಿರುಗುವ ಮೋಟಾರಿನ ಬದಲು ಹಿಂದೆಮುಂದೆ ಜಗ್ಗುವ ಸ್ಪ್ರಿಂಗಿನಂಥ ಮೋಟಾರ್ ಬಂದಿದೆಯಲ್ಲ, ಅದರ ತಂತ್ರ ಈ ಕಡೆಗೂ ನಿಧಾನವಾಗಿ ಬರುತ್ತಿದೆ. ಅದರಲ್ಲಿ ಕಂಪನ ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುತ್ತದೆ. ಬೆಲೆಯೂ ಹಾಗೇ ಥಟ್ಟನೆ ಏರುತ್ತದೆ.

ತುಂಬಾ ಹೊತ್ತು ಬಳಸಿದರೆ ಜೋಮು ಹಿಡಿಯುತ್ತದಾ, ನರ ಸತ್ತುಹೋಗುತ್ತದಾ? ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ಇದು. ಗುಬ್ಬಿ ಹತ್ತಿರ ನಮಗೊಂದು ಚಿಕ್ಕ ತೋಟ ಇದೆ. ಅರ್ಧ ದಿನ ಕಳೆ ಕತ್ತರಿಸುವ ಮೆಷಿನ್ ಹಿಡಿದರೆ ಸಂಜೆ ಕಾಫಿ ಲೋಟ ಹಿಡಿದಿದ್ದು ಬೆರಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಸರಿಹೋಗುತ್ತದೆ. ಒಂದೇ ಕಂಪನ ಬಿಡದೆ ಬಂದರೆ ಗ್ರಾಹಕಗಳು ಸುಸ್ತಾಗುತ್ತವೆ, ಬಿಡುವು ಸಿಕ್ಕರೆ ಮರಳುತ್ತವೆ. ವರ್ಷಗಟ್ಟಲೆ ದಿನಕ್ಕೆ ಗಂಟೆಗಟ್ಟಲೆ ಕಲ್ಲು ಕೊರೆಯುವ ಮೆಷಿನ್ ಹಿಡಿದವರ ಬೆರಳು ಬಿಳಿಚಿಕೊಳ್ಳುವ ಕಾಯಿಲೆ ನಿಜವೇ, ಆದರೆ ಅದನ್ನೂ ಹತ್ತು ನಿಮಿಷದ ಮಸಾಜರನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ ಶೇ 52.5ರಷ್ಟು ಹೆಂಗಸರು ವೈಬ್ರೇಟರ್ ಬಳಸಿದ್ದಾಗಿ ಹೇಳಿದ್ದರು. ಬಳಸಿದವರಲ್ಲಿ ಶೇ 71.5ರಷ್ಟು ಮಂದಿ ಯಾವತ್ತೂ ಯಾವ ತೊಂದರೆಯೂ ಆಗಿಲ್ಲ ಅಂದಿದ್ದರು. ಉಳಿದವರಿಗೆ ಏನೋ ಒಂದು ಆಗಿದೆ ಅನ್ನುವುದನ್ನೂ ಮರೆಯಬಾರದು. ಜೋಮು ಹಿಡಿದ ಹಾಗಾದರೆ ಸ್ಪೀಡ್ ಏರಿಸುವುದು ತಪ್ಪು ದಾರಿ. ಇಳಿಸಿ, ಜಾಗ ಬದಲಿಸಿ, ಇಲ್ಲವೇ ಬಟ್ಟೆಯ ಮೇಲಿಂದ ಬಳಸಿ.

(ಒಂದು ಮಾತು ನಡುವೆ. ವಿಕ್ಟೋರಿಯಾ ಕಾಲದ ಡಾಕ್ಟರುಗಳು ಹಿಸ್ಟೀರಿಯಾ ವಾಸಿ ಮಾಡಲು ವೈಬ್ರೇಟರ್ ಕಂಡುಹಿಡಿದರು ಅನ್ನುವ ಕಥೆ ವಾಟ್ಸಾಪಿನಲ್ಲಿ ಆಗಾಗ ಓಡಾಡುತ್ತದೆ. 2018ರಲ್ಲಿ ಇಬ್ಬರು ಸಂಶೋಧಕರು ಅದರ ಆಧಾರಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಅಂಥ ಪುರಾವೆ ಇಲ್ಲ ಅಂತ ತೋರಿಸಿದ್ದಾರೆ. ಕಥೆ ಚೆನ್ನಾಗಿದೆ, ಅದಕ್ಕೇ ಇನ್ನೂ ಸಾಯುತ್ತಿಲ್ಲ.)

ಕಂಪನವೇ ಇಲ್ಲದ ಇನ್ನೊಂದು ತಂತ್ರ ಬಂದು ಹತ್ತು ವರ್ಷ ದಾಟಿತು. 2014ರಲ್ಲಿ ಜರ್ಮನಿಯ ಮೈಕೆಲ್ ಲೆಂಕೆ ತಯಾರಿಸಿದ ವುಮನೈಜರ್ ಅನ್ನುವ ಸಾಧನ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಇದು ಹೀರುತ್ತದೆ ಅಂತ ಮಾರುತ್ತಾರೆ, ಆದರೆ ಬಿಡದೆ ಹೀರುವುದಿಲ್ಲ. ಹೊಸ ಬೋರ್‌ವೆಲ್ ಮೋಟಾರ್ ಹಾಕಿದಾಗ ನೀರು ಬರುವ ಮೊದಲು ಪೈಪಿನ ಬಾಯಿಗೆ ಅಂಗೈ ಒಡ್ಡಿ ನೋಡಿದ್ದೀರಾ? ಬುಸ್ ಬುಸ್ ಅಂತ ಗಾಳಿ ತಳ್ಳುತ್ತದೆ, ಮತ್ತೆ ಒಳಗೆ ಎಳೆಯುತ್ತದೆ. ಅದನ್ನು ಬೆರಳ ತುದಿಯಷ್ಟು ಚಿಕ್ಕ ಬಾಯಿಗೆ ಇಳಿಸಿ, ಬಹಳ ಮೆಲ್ಲಗೆ ಮಾಡಿದ ಹಾಗೆ. ಬಾಯಿಯ ಅಂಚು ಸುತ್ತ ಕೂರುತ್ತದೆ, ನಡುವಿನ ಚಂದ್ರನಾಡಿಗೆ, ಅಂದರೆ ಕ್ಲಿಟೋರಿಸ್‌ಗೆ, ಯಾವ ಗಟ್ಟಿ ವಸ್ತುವೂ ಉಜ್ಜುವುದಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಆ ಜಾಗದ ನರಗಳ ದಟ್ಟಣೆ. 2022ರಲ್ಲಿ ಅಮೆರಿಕದ ಆರೆಗಾನ್‌ನ ವೈದ್ಯರು ಎಣಿಸಿ, ಮನುಷ್ಯರ ಚಂದ್ರನಾಡಿಗೆ ಹತ್ತು ಸಾವಿರಕ್ಕೂ ಹೆಚ್ಚು ನರತಂತುಗಳು ಬರುತ್ತವೆ ಅಂದರು. ಅದಕ್ಕೂ ಮೊದಲು ಎಲ್ಲೆಡೆ ಓಡಾಡುತ್ತಿದ್ದ ಎಂಟು ಸಾವಿರದ ಲೆಕ್ಕ ಹಸುಗಳನ್ನು ನೋಡಿ ಹೇಳಿದ್ದು! ಹೊರಗೆ ಕಾಣುವ ಕಾಳಿನಷ್ಟು ಭಾಗ ಅದರ ತುದಿ ಮಾತ್ರ, ಉಳಿದದ್ದು ಒಳಗೆ ಎರಡು ಕವಲಾಗಿ ಹರಡಿದೆ ಅನ್ನುವುದನ್ನು ಆಸ್ಟ್ರೇಲಿಯಾದ ಹೆಲೆನ್ ಓಕಾನೆಲ್ 1998ರಲ್ಲಿ ಸ್ಪಷ್ಟವಾಗಿ ತೋರಿಸಿದರು. ತುದಿಗೆ ನೇರವಾಗಿ ಗಟ್ಟಿ ಪ್ಲಾಸ್ಟಿಕ್ಕಿನ ಕಂಪನ ತಾಗಿದರೆ ಅನೇಕರಿಗೆ ಚುಚ್ಚಿದ ಹಾಗಾಗುತ್ತದೆ. ಅವರಿಗೆ ಗಾಳಿಯದು ಹಿತ. ಒಳಗೆ ಹರಡಿದ ಭಾಗಕ್ಕೆ ತಲುಪಬೇಕೆಂದರೆ ಅಗಲವಾಗಿ, ನಿಧಾನವಾಗಿ ಅಲುಗುವುದೇ ಬೇಕು, ಗಾಳಿಯಿಂದ ಆಗದು. ಗಾಳಿಯ ಸಾಧನವನ್ನು ಒತ್ತಿ ಹಿಡಿದು ಹೆಚ್ಚು ಹೊತ್ತು ಇಟ್ಟರೆ ಊತ, ಕೆಂಪು ಆಗುತ್ತದೆ. ಅಂಚು ಸರಿಯಾಗಿ ಕೂರದಿದ್ದರೆ ಏನೂ ಗೊತ್ತಾಗುವುದಿಲ್ಲ, ಆಗ ಜನ ಸ್ಪೀಡ್ ಏರಿಸುತ್ತಾರೆ. ಮತ್ತೆ ಅದೇ ತಪ್ಪು.

ವಸ್ತುವಿನ ಮಾತಿಗೆ ಬಂದರೆ ನಮ್ಮ ಅಡುಗೆಮನೆಯೇ ಸಾಕು. ಸ್ಟೀಲ್ ಲೋಟ ಮುಟ್ಟಿದರೆ ತಣ್ಣಗಿರುತ್ತದೆ, ಪಕ್ಕದಲ್ಲೇ ಇರುವ ಪ್ಲಾಸ್ಟಿಕ್ ಡಬ್ಬಿ ಇರುವುದಿಲ್ಲ. ಎರಡರ ಉಷ್ಣಾಂಶ ಒಂದೇ. ಸ್ಟೀಲು ಕೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಅಷ್ಟೇ. ಸ್ಟೀಲಿನ, ಗಾಜಿನ ಸಾಧನಗಳು ಮೊದಲ ಸ್ಪರ್ಶಕ್ಕೆ ಮೈ ಜುಮ್ಮೆನ್ನಿಸುವುದು ಇದರಿಂದ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸರಿಹೋಗುತ್ತದೆ. ಬಿಸಿ ನೀರು ಬೇಡ, ಸುಮಾರು 43 ಡಿಗ್ರಿ ದಾಟಿದರೆ ಚರ್ಮಕ್ಕೆ ಅದು ಬಿಸಿಯಾಗಿ ಉಳಿಯುವುದಿಲ್ಲ, ನೋವಾಗುತ್ತದೆ. ತಾನೇ ಬೆಚ್ಚಗಾಗುವ ಸಾಧನಗಳನ್ನೂ ಮೊದಲು ಮುಂಗೈಗೆ ಮುಟ್ಟಿಸಿ ನೋಡುವುದು ಒಳ್ಳೆಯದು.

ಇನ್ನೊಂದು ಕಡೆ ಜೆಲ್ಲಿ ಅಂತ ಮಾರುವ, ಮುಟ್ಟಿದರೆ ಮೆತ್ತಗಿರುವ, ಡಬ್ಬಿ ತೆಗೆದ ಕೂಡಲೇ ಹೊಸ ಪ್ಲಾಸ್ಟಿಕ್ ಚಪ್ಪಲಿಯ ವಾಸನೆ ಬರುವ ವಸ್ತುಗಳಿವೆ. ಗಟ್ಟಿಯಾದ ಪಿವಿಸಿಯನ್ನು ಮೆತ್ತಗೆ ಮಾಡಲು ಥ್ಯಾಲೇಟ್ ಅನ್ನುವ ರಾಸಾಯನಿಕ ಬೆರೆಸುತ್ತಾರೆ. ಡೆನ್ಮಾರ್ಕ್‌ನ ಪರಿಸರ ಇಲಾಖೆ 2006ರಲ್ಲೇ ಸೆಕ್ಸ್ ಟಾಯ್‌ಗಳನ್ನು ಪರೀಕ್ಷಿಸಿ ಥ್ಯಾಲೇಟ್ ಇರುವುದನ್ನು ವರದಿ ಮಾಡಿತ್ತು. ಟಿಪಿಇ ಅನ್ನುವ ರಬ್ಬರಿನಂಥ ವಸ್ತುವಿನಲ್ಲಿ ಬೇರೆ ತೊಂದರೆ. ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಹಳೇ ಪ್ಲಾಸ್ಟಿಕ್ ಡಬ್ಬಿಗೆ ಸಾರಿನ ಅರಿಶಿನ ಹಿಡಿದರೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲವಲ್ಲ, ಹಾಗೆ ಅದರೊಳಗೆ ಕೊಳೆ ಕೂರುತ್ತದೆ. ಮೇಲೆ ಕಾಂಡೋಮ್ ಹಾಕಿ ಬಳಸುವುದೇ ಸರಿ. ಒಳ್ಳೆಯ ಸಿಲಿಕೋನ್‌ಗೆ ಈ ಕಾಟವಿಲ್ಲ. ಮೋಟಾರ್ ಇಲ್ಲದ್ದಾದರೆ ಮಕ್ಕಳ ಹಾಲಿನ ಬಾಟಲಿಯ ನಿಪ್ಪಲ್ ಕುದಿಸಿದ ಹಾಗೆ ಕುದಿಸಲೂಬಹುದು. ಆದರೆ ಸಿಲಿಕೋನ್‌ಗೆ ಒಂದು ಗುಣವಿದೆ, ಒಣಗಿದ ಚರ್ಮವನ್ನು ಹಿಡಿದು ಎಳೆಯುತ್ತದೆ. ನುಣುಪಾಗಿ ಕಂಡರೂ ಜಾರುವುದಿಲ್ಲ. ಹಿತದ ಅರ್ಧ ಪ್ರಶ್ನೆ ಇಲ್ಲಿಗೆ ಬಂದು ನಿಲ್ಲುತ್ತದೆ.

ಜಾರಲು ಏನು ಹಚ್ಚಬೇಕು? ಇದನ್ನು ನನ್ನ ಹೆಂಡತಿಯ ಹತ್ತಿರ ಕೇಳಿದೆ. ಅವಳು ಸ್ತ್ರೀರೋಗ ವಿಭಾಗದಲ್ಲಿ ಸ್ಟಾಫ್ ನರ್ಸ್. "ರೀ, ತೆಂಗಿನ ಸೀಮೆಯಲ್ಲಿ ಕೂತು ಕೇಳ್ತೀರಲ್ಲ, ಎಲ್ರೂ ಹಚ್ಚೋದು ಕೊಬ್ಬರಿ ಎಣ್ಣೆನೇ" ಅಂದಳು. ತಿಪಟೂರು ಕೊಬ್ಬರಿಯ ಊರು, ತಲೆಗೆ, ಗಾಯಕ್ಕೆ, ಮಗುವಿನ ಮೈಗೆ ಎಲ್ಲಕ್ಕೂ ಅದೇ. ಇದಕ್ಕೂ ಅದೇ ಆಗಿರುವುದರಲ್ಲಿ ಆಶ್ಚರ್ಯವೇನಿಲ್ಲ. ಬರೀ ಚರ್ಮದ ಮೇಲೆ ಹಚ್ಚಿದರೆ ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ. ತೊಂದರೆ ಎಲ್ಲಿ ಅಂದರೆ, ಯಾವ ಎಣ್ಣೆಯಾದರೂ ಲ್ಯಾಟೆಕ್ಸ್ ಕಾಂಡೋಮನ್ನು ಕೆಲವೇ ನಿಮಿಷದಲ್ಲಿ ದುರ್ಬಲ ಮಾಡುತ್ತದೆ, ಅದು ಹರಿಯುತ್ತದೆ. ಟಿಪಿಇ ವಸ್ತುವನ್ನೂ ಎಣ್ಣೆ ಕೆಡಿಸುತ್ತದೆ. ಮೇಲಾಗಿ ಎಣ್ಣೆ ಸುಲಭಕ್ಕೆ ತೊಳೆದುಹೋಗುವುದಿಲ್ಲ.

ತೊಳೆಯಲು ಸೋಪು ಹಾಕುತ್ತಾರೆ, ಅಲ್ಲಿ ಎರಡನೇ ಕಾಟ. ನಮ್ಮೂರಿನ ಬೋರ್ ನೀರು ಗಡಸು. ಸೋಪು ನೊರೆ ಬರದೆ ಬಿಳಿ ಹುಡಿಯಾಗಿ ಕೂರುತ್ತದೆ. ಬಕೆಟ್ಟಿನ ಅಂಚಿನಲ್ಲಿ, ಗೀಸರ್ ಕಾಯಿಲ್‌ನಲ್ಲಿ ಕಾಣುವ ಬಿಳಿ ಪದರವನ್ನು ನೋಡಿ, ಬೋರ್ ನೀರಿನ ಮಹಿಮೆ ತಿಳಿಯುತ್ತದೆ. ಆ ಸೋಪಿನ ಅಂಶ ಸಾಧನದ ಮೇಲೆ ಉಳಿದು ಮುಂದಿನ ಸಲ ಉರಿ ಮಾಡುತ್ತದೆ. ದೂರು ಬರುವುದು ಸಾಧನದ ಮೇಲೆ, ಕಾರಣ ಮಾತ್ರ ನಲ್ಲಿಯಲ್ಲಿ. ಕಡೇ ಸಲ ಕುಡಿಯುವ ನೀರಿನಿಂದ ಜಾಲಿಸಿದರೆ ಸಾಕು ಅಂತ ಹೆಂಡತಿಯ ಸಲಹೆ. ಯೋನಿಯ ಒಳಗನ್ನೇ ಸೋಪು ಹಾಕಿ ತೊಳೆಯುವ ಅಭ್ಯಾಸ ಇನ್ನೂ ಕೆಟ್ಟದ್ದು. ಅಲ್ಲಿ ತಾನಾಗಿ ಹುಳಿ ಇರುತ್ತದೆ, ಪಿಎಚ್ 3.8ರಿಂದ 4.5. ಆ ಹುಳಿಯೇ ಕಾವಲು. ಸೋಪು ಅದನ್ನು ಓಡಿಸುತ್ತದೆ.

ಮೆಡಿಕಲ್ ಸ್ಟೋರಿನಲ್ಲಿ ಸಿಗುವ ನೀರಿನ ಆಧಾರದ ಲೂಬ್ರಿಕೆಂಟ್ ಜೆಲ್ಲಿಗಳಿವೆ. ಅವೂ ಎಲ್ಲ ಒಂದೇ ಅಲ್ಲ. ಜಾಸ್ತಿ ಜಾರಲಿ, ಬೇಗ ಒಣಗದಿರಲಿ ಅಂತ ಗ್ಲಿಸರಿನ್ ಸುರಿದಿರುತ್ತಾರೆ. ಉಪ್ಪಿನಕಾಯಿಗೆ ಉಪ್ಪು ಹಾಕಿದರೆ ಮಾವಿನಕಾಯಿ ನೀರು ಬಿಡುತ್ತದಲ್ಲ, ಗ್ಲಿಸರಿನ್ ತುಂಬಿದ ಜೆಲ್ಲಿ ಒಳಗಿನ ಮೆತ್ತನೆ ಪದರದ ಜೀವಕೋಶಗಳಿಂದ ಹಾಗೇ ನೀರು ಹೀರುತ್ತದೆ. ಆ ಗುಣವನ್ನು ಅಳೆಯುವ ಅಂಕಿಗೆ ಆಸ್ಮೊಲಾಲಿಟಿ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ: 380ರ ಒಳಗಿದ್ದರೆ ಒಳ್ಳೆಯದು, 1200 ದಾಟಲೇಬಾರದು. ಹಚ್ಚಿದ ಕ್ಷಣ ಹಿತ, ಮಾರನೇ ದಿನ ಒಣಕಲು ಉರಿ ಅಂತ ಹೇಳುವವರು ಸಾಧನವನ್ನು ದೂರುವ ಮೊದಲು ಟ್ಯೂಬಿನ ಹಿಂಬದಿ ಓದಬೇಕು. ಸ್ಟ್ರಾಬೆರಿ ವಾಸನೆ, ಬಿಸಿ ಅನಿಸುವುದು, ತಂಪು ಅನಿಸುವುದು, ಇವೆಲ್ಲ ಬೇಡದ ಅಲಂಕಾರ. ಸಿಲಿಕೋನ್ ಆಧಾರದ ಲೂಬ್ರಿಕೆಂಟ್ ಒಣಗುವುದಿಲ್ಲ, ಚೆನ್ನಾಗಿಯೇ ಜಾರುತ್ತದೆ, ಆದರೆ ಸಿಲಿಕೋನ್ ಸಾಧನದ ಮೈಯನ್ನು ಅಂಟಂಟು ಮಾಡಿಬಿಡಬಹುದು.

ಇದೆಲ್ಲ ಬರೀ ಹುಡುಗರ ಮೋಜಿನ ವಿಷಯ ಅಂದುಕೊಂಡವರಿಗೆ ಹೆಂಡತಿ ಹೇಳಿದ ಇನ್ನೊಂದು ಮಾತು. ಮುಟ್ಟು ನಿಂತ ಮೇಲೆ, ಹಾಲೂಡಿಸುವಾಗ ಒಣಕಲು ಸಾಮಾನ್ಯ. ಸಂಪರ್ಕ ಅಂದ ಕೂಡಲೇ ಯೋನಿಯ ಸ್ನಾಯು ತಾನಾಗಿ ಬಿಗಿದುಕೊಳ್ಳುವ ತೊಂದರೆ ಕೆಲವರಿಗಿದೆ. ಗರ್ಭಕೊರಳ ಕ್ಯಾನ್ಸರಿಗೆ ರೇಡಿಯೇಶನ್ ಪಡೆದವರಿಗೆ ಯೋನಿ ಕಿರಿದಾಗುವುದುಂಟು. ಇವರಿಗೆ ವೈದ್ಯರೇ ಡೈಲೇಟರ್ ಅಂತ ಕೊಡುತ್ತಾರೆ. ಕಿರುಬೆರಳಿನಷ್ಟರಿಂದ ಶುರುವಾಗಿ ಹಂತ ಹಂತವಾಗಿ ದಪ್ಪ ಆಗುವ ನುಣುಪಾದ ಕೋಲುಗಳು. ಕಂಪನ ಇಲ್ಲ, ಸ್ಪೀಡ್ ಇಲ್ಲ. ಮುಂದಿನ ಗಾತ್ರಕ್ಕೆ ಹೋಗುವುದು ನೋವಿಲ್ಲ ಅನ್ನಿಸಿದಾಗ ಮಾತ್ರ. ಚಂದ್ರನಾಡಿಗೆ ರಕ್ತ ಹರಿಯುವಂತೆ ಮೆಲ್ಲಗೆ ಹೀರುವ ಇರೋಸ್ ಅನ್ನುವ ಸಾಧನಕ್ಕೆ 2000ದಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಚಿಕಿತ್ಸೆಗೆ ಅಂತ ಒಪ್ಪಿಗೆ ಕೊಟ್ಟಿತ್ತು. ಆಟಿಕೆ ಎಲ್ಲಿ ಮುಗಿದು ಔಷಧದ ಸಾಧನ ಎಲ್ಲಿ ಶುರು ಅನ್ನುವ ಗೆರೆ ನಾವು ಅಂದುಕೊಂಡಷ್ಟು ದಪ್ಪ ಇಲ್ಲ.

ಗಂಡಸರ ಸಾಧನಗಳಲ್ಲಿ ಎಚ್ಚರ ಬೇಕಾದದ್ದು ರಿಂಗ್. ರಕ್ತ ಒಳಗೇ ನಿಲ್ಲಲಿ ಅಂತ ಹಾಕುವುದು. ಡಾಕ್ಟರುಗಳ ಲೆಕ್ಕ 30 ನಿಮಿಷ, ಅದಕ್ಕಿಂತ ಹೆಚ್ಚು ಇಡಬಾರದು. ಲೋಹದ ರಿಂಗು ಸಿಕ್ಕಿಕೊಂಡರೆ ಕತ್ತರಿಸುವುದು ಆಸ್ಪತ್ರೆಗೂ ಕಷ್ಟ. ಹಿಗ್ಗುವ ಸಿಲಿಕೋನ್ ವಾಸಿ. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ನೋವೇ ಗೊತ್ತಾಗದೆ ಗಾಯ ಆಗಬಹುದು, ಅಪ್ಪನ ಟ್ಯೂನಿಂಗ್ ಫೋರ್ಕ್ ನೆನಪಿರಲಿ. ಗುದದ್ವಾರಕ್ಕೆ ಬಳಸುವ ಯಾವುದೇ ವಸ್ತುವಿಗೆ ಬುಡ ಅಗಲವಾಗಿ ಇರಲೇಬೇಕು. ಇಲ್ಲದಿದ್ದರೆ ಒಳಕ್ಕೆ ಜಾರಿ ಹೋಗುತ್ತದೆ, ಆಮೇಲೆ ಎಮರ್ಜೆನ್ಸಿ ವಾರ್ಡು. ಮರಗಟ್ಟಿಸುವ ಕ್ರೀಮ್ ಹಚ್ಚಿ ಬಳಸುವುದು ಮೂರ್ಖತನ, ಸಾಕು ಅಂತ ಹೇಳುವ ಒಂದೇ ಬಾಯಿಯನ್ನು ಮುಚ್ಚಿದ ಹಾಗೆ.

ಸದ್ದಿನ ಮಾತು ಚಿಕ್ಕದೆನಿಸಬಹುದು, ಆದರೆ ಅತ್ತೆ ಮಾವ ಪಕ್ಕದ ರೂಮಿನಲ್ಲಿರುವ ಮನೆಯಲ್ಲಿ ಅದೂ ಹಿತದ ಭಾಗವೇ. ಗೋಡೆಯಾಚೆ ಕೇಳುತ್ತದೇನೋ ಅನ್ನುವ ಭಯ ಇದ್ದರೆ ಸ್ನಾಯು ಬಿಗಿಯುತ್ತದೆ. ಬಿಗಿದರೆ ನೋವು. ಫೋನಿನ ಆ್ಯಪ್‌ನಿಂದ ನಡೆಯುವ ಸಾಧನಗಳದ್ದು ಇನ್ನೊಂದು ಭಯ. ಕೆನಡಾದ ವಿ-ವೈಬ್ ಕಂಪನಿ ಬಳಸುವವರ ಮಾಹಿತಿಯನ್ನು ಹೇಳದೆ ಸಂಗ್ರಹಿಸಿದ ಆರೋಪಕ್ಕೆ 2017ರಲ್ಲಿ ಸುಮಾರು 37 ಲಕ್ಷ ಡಾಲರ್ ಕೊಟ್ಟು ಕೋರ್ಟಿನಲ್ಲಿ ರಾಜಿ ಮಾಡಿಕೊಂಡಿತು. ಯಾವ ಸ್ಪೀಡ್, ಎಷ್ಟು ಹೊತ್ತು ಅನ್ನುವುದೂ ಆ ಮಾಹಿತಿಯಲ್ಲಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಡಬ್ಬಿಯ ಮೇಲೆ ಯಾಕೆ ಏನೂ ಇರುವುದಿಲ್ಲ? ಸೆಕ್ಸ್ ಟಾಯ್‌ಗಳ ವಸ್ತು, ಅಂಚು, ಬುಡ, ಬರಹ ಹೇಗಿರಬೇಕು ಅನ್ನುವುದಕ್ಕೆ 2021ರಲ್ಲಿ ಐಎಸ್‌ಒ 3533 ಅನ್ನುವ ಅಂತಾರಾಷ್ಟ್ರೀಯ ಮಾನದಂಡ ಬಂದಿದೆ. ಆದರೆ ಅದನ್ನು ಪಾಲಿಸಿದ್ದೇವೆ ಅಂತ ಬರೆಯಬೇಕಾದರೆ ಮೊದಲು ಇದು ಸೆಕ್ಸ್ ಟಾಯ್ ಅಂತ ಬರೆಯಬೇಕು. ಅಲ್ಲೇ ಸಿಕ್ಕು. ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ, ಹಳೇ ಐಪಿಸಿಯ 292, ಅಶ್ಲೀಲ ವಸ್ತುಗಳ ಮಾರಾಟದ ಬಗ್ಗೆ ಹೇಳುತ್ತದೆ. ಅದರಲ್ಲಿ ಸೆಕ್ಸ್ ಟಾಯ್ ಅನ್ನುವ ಪದವೇ ಇಲ್ಲ. ಯಾವುದು ಅಶ್ಲೀಲ ಅನ್ನುವುದು ನೋಡುವ ಅಧಿಕಾರಿಯ ಕಣ್ಣಿಗೆ ಬಿಟ್ಟದ್ದು. ಆಮದಾದ ಬಾಡಿ ಮಸಾಜರ್‌ಗಳನ್ನು ಸೆಕ್ಸ್ ಟಾಯ್ ಆಗಿಯೂ ಬಳಸಬಹುದು ಅಂತ ಕಸ್ಟಮ್ಸ್‌ನವರು ಹಿಡಿದಿಟ್ಟ ಪ್ರಕರಣ ಬಾಂಬೆ ಹೈಕೋರ್ಟಿನವರೆಗೆ ಹೋಯಿತು. 2024ರ ಮಾರ್ಚಿನಲ್ಲಿ ಕೋರ್ಟು ಕಸ್ಟಮ್ಸ್ ವಾದವನ್ನು ತಳ್ಳಿಹಾಕಿತು. ವ್ಯಾಪಾರಿಗಳು ಇದರಿಂದ ಕಲಿತ ಪಾಠ ಒಂದೇ: ಮಸಾಜರ್ ಅಂತಲೇ ಬರೆ. ಬೆನ್ನಿನ ಮಸಾಜರ್‌ಗೆ ಯಾವ ಪ್ಲಾಸ್ಟಿಕ್ ಆದರೇನು, ಅಲ್ವಾ?

ತಮಾಷೆ ಏನೆಂದರೆ, 2007ರಲ್ಲಿ ಕೇಂದ್ರ ಸರ್ಕಾರದ್ದೇ ಕಂಪನಿಯಾದ ಹಿಂದುಸ್ತಾನ್ ಲ್ಯಾಟೆಕ್ಸ್ ಕ್ರೆಸೆಂಡೊ ಅನ್ನುವ ಹೆಸರಲ್ಲಿ ಕಂಪಿಸುವ ರಿಂಗ್ ಜೊತೆಗಿರುವ ಕಾಂಡೋಮ್ ಪ್ಯಾಕ್ ಮಾರಿತ್ತು. ಮಧ್ಯಪ್ರದೇಶದಲ್ಲಿ ಮಂತ್ರಿಯೊಬ್ಬರು ಸಿಟ್ಟಾದರು, ಇದು ಸೆಕ್ಸ್ ಟಾಯ್ ಅಂತ ದೊಡ್ಡ ಗಲಾಟೆಯಾಯಿತು. ಆಗಿನ ಚರ್ಚೆಯೂ ಮಾರಬೇಕೋ ಬೇಡವೋ ಅನ್ನುವುದರಲ್ಲೇ ಮುಗಿಯಿತು. ಮಾರುವುದಾದರೆ ಮೇಲೆ ಏನು ಬರೆದಿರಬೇಕು ಅನ್ನುವಲ್ಲಿಗೆ ಬರಲೇ ಇಲ್ಲ.

ಗೆಳೆಯ ಆ ನೇರಳೆ ಮಸಾಜರನ್ನು ಎರಡು ದಿನದಲ್ಲಿ ಸರಿಮಾಡಿದ. ಚಾರ್ಜ್ ಮಾಡುವ ತೂತಿಗೆ ನೀರು ನುಗ್ಗಿ ಪಿನ್ನು ಹಸಿರುಗಟ್ಟಿತ್ತು, ಅಷ್ಟೇ. ವಾಟರ್‌ಪ್ರೂಫ್ ಅಂತ ಡಬ್ಬಿ ಹೇಳಿತ್ತು. ಅಂಚಿಗೆ ಗಮ್ ಹಾಕಿ ಕೂರಿಸುತ್ತಾ, "ಕೊಡುವಾಗ ಏನಾದ್ರೂ ಹೇಳ್ಬೇಕಾ ಮೇಷ್ಟ್ರೇ? ಬಾಯಲ್ಲಿ ಹೇಳೋಕೆ ನನ್ ಕೈಲಾಗಲ್ಲ" ಅಂದ. ಒಂದು ಚೀಟಿ ಬರೆದುಕೊಟ್ಟೆ. ನೀರಲ್ಲಿ ಮುಳುಗಿಸಬೇಡಿ, ಒರೆಸಿ. ವಾಸನೆ ಬರುತ್ತಿದ್ದರೆ ಮೇಲೆ ಕಾಂಡೋಮ್ ಹಾಕಿ. ಕಾಂಡೋಮ್ ಹಾಕಿದರೆ ಎಣ್ಣೆ ಬೇಡ. ಕಡಿಮೆ ಸ್ಪೀಡಿನಿಂದ ಶುರು ಮಾಡಿ. ಅವನು ಓದಿ, ಮಡಚಿ, ಪೇಪರಿನ ಒಳಗಿಟ್ಟು ಮತ್ತೆ ಸುತ್ತಿದ. ಆಮೇಲೆ ಬಿಲ್ ಪುಸ್ತಕ ತೆಗೆದು ಬರೆದ: ಟ್ರಿಮ್ಮರ್, ಚಾರ್ಜಿಂಗ್ ಪಿನ್ ಬದಲಾವಣೆ, 250 ರೂಪಾಯಿ.